ಕೊನೆಯ ಏರಿನ ಲೆಕ್ಕ: ಲಾ ಮಾರ್ಮೊತ್ ಸೈಕಲ್ ಸ್ಪರ್ಧೆಯ ತಯಾರಿ ಕುರಿತು ಒಂದು ಟಿಪ್ಪಣಿ

ಲಾ ಮಾರ್ಮೊತ್ ಎಂಬುದು ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ 1982ರಿಂದ ನಡೆದುಬಂದಿರುವ ಹವ್ಯಾಸಿ ಸವಾರರ ಒಂದು ದಿನದ ರಸ್ತೆ ಸೈಕಲ್ ಸ್ಪರ್ಧೆ. ದಾರಿಯ ಉದ್ದ 174 ಕಿ.ಮೀ. ಬೂರ್ ದ್ವಾಜಾನ್ ಎಂಬ ತಗ್ಗಿನ ಊರಿನಿಂದ ಹೊರಟು ಗ್ಲಾಂದೋನ್ (1,924 ಮೀ.), ತೆಲೆಗ್ರಾಫ್ (1,566 ಮೀ.), ಗಾಲಿಬಿಯೆ (2,642 ಮೀ.) ಘಟ್ಟಗಳನ್ನು ದಾಟಬೇಕು. ಆಮೇಲೆ ಹೊರಟ ಊರಿಗೇ ಇಳಿದು ಬಂದು, 21 ಹೇರ್‌ಪಿನ್ ತಿರುವುಗಳ ದಾರಿಯಲ್ಲಿ ಆಲ್ಪ್ ದ್ಯುಯೆಜ್ ಗಿರಿಧಾಮಕ್ಕೆ ಹತ್ತಿದರೆ ಸ್ಪರ್ಧೆ ಮುಗಿಯಿತು. ಗಾಲಿಬಿಯೆ 1911ರಲ್ಲೂ ಆಲ್ಪ್ ದ್ಯುಯೆಜ್ 1952ರಲ್ಲೂ ಟೂರ್ ದ ಫ್ರಾನ್ಸ್‌ನ ದಾರಿಗೆ ಸೇರಿದವು. ಎರಡನೆಯದರಲ್ಲಿ ಮೊದಲು ಗೆದ್ದವನು ಇಟಲಿಯ ಫೌಸ್ತೊ ಕೊಪ್ಪಿ. ವೃತ್ತಿಪರರು ಹೆಸರು ಮಾಡಿದ ಈ ದಾರಿಗಳಲ್ಲಿ ವರ್ಷಕ್ಕೊಂದು ದಿನ ಸಾವಿರಾರು ಹವ್ಯಾಸಿಗಳು ಸಾಲುಗಟ್ಟುತ್ತಾರೆ. ಮುಂಚೂಣಿಯವರು ಆರು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ನೌಕರಿ, ಸಂಸಾರಗಳ ನಡುವೆ ಬಿಡುವು ಹೊಂದಿಸಿಕೊಂಡು ಅಭ್ಯಾಸ ಮಾಡಿ ಬಂದವರಿಗೆ ಎಂಟರಿಂದ ಹನ್ನೊಂದು ಗಂಟೆ ಹಿಡಿಯುತ್ತದೆ. ಈ ಟಿಪ್ಪಣಿ ಬರೆದಿರುವುದು ಆ ಎರಡನೆಯ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು.

ಇಂಥ ಸ್ಪರ್ಧೆಯ ತಯಾರಿಯನ್ನು ಅಳೆಯಲು ಎರಡು ಅಳತೆಗೋಲುಗಳು ರೂಢಿಯಲ್ಲಿವೆ. ಹಳೆಯದು, ವಾರಕ್ಕೆ ಎಷ್ಟು ಕಿಲೋಮೀಟರ್ ಓಡಿಸಿದೆ ಎಂಬುದು. ಹೊಸದು, ಒಂದು ಗಂಟೆ ಕಾಲ ಬಿಡದೆ ಎಷ್ಟು ವ್ಯಾಟ್ ತುಳಿಯಬಲ್ಲೆ ಎಂಬುದು; ಸವಾರರು ಇದನ್ನು ಎಫ್‌ಟಿಪಿ ಎನ್ನುತ್ತಾರೆ. ಲಾ ಮಾರ್ಮೊತ್‌ನ ಮಟ್ಟಿಗೆ ಎರಡೂ ಸಾಲವು ಎಂಬುದು ಈ ಟಿಪ್ಪಣಿಯ ವಾದ. ಇಲ್ಲಿ ಸವಾರನ ಹಣೆಬರಹ ತೀರ್ಮಾನವಾಗುವುದು ಕೊನೆಯ ಹದಿನಾಲ್ಕು ಕಿಲೋಮೀಟರಿನಲ್ಲಿ, ಅದೂ ಆರೇಳು ಗಂಟೆ ದುಡಿದು ಬಂದ ಕಾಲುಗಳ ಮೇಲೆ. ಬೆಳಗಿನ ತಾಜಾ ಕಾಲಿನ ಬಲ ಎಷ್ಟಿತ್ತು ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ಭಾಗ ಸಂಜೆಯ ಹೊತ್ತಿಗೆ ಉಳಿದಿದೆ ಎನ್ನುವುದು ಮುಖ್ಯ. ಈ ಗುಣವನ್ನು ಇಲ್ಲಿ ತಾಳಿಕೆ ಎಂದು ಕರೆದಿದ್ದೇನೆ. ವಾದ ಹೊಸದಲ್ಲ. ಆದರೆ ದಾರಿಯ ಅಂಕಿಅಂಶಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದರೆ ಅದರ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲು ಏರಿನ ಲೆಕ್ಕ. ಸ್ಪರ್ಧೆಯ ಒಟ್ಟು ಏರು 5,000 ಮೀಟರ್ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಬೂರ್ ದ್ವಾಜಾನ್ ಸಮುದ್ರಮಟ್ಟದಿಂದ ಸುಮಾರು 720 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗ್ಲಾಂದೋನ್ ನೆತ್ತಿಗೆ 1,204 ಮೀ. ಮೋರಿಯೆನ್ ಕಣಿವೆಯ ಸೇಂ ಮಿಶೆಲ್ ಊರಿನಿಂದ ತೆಲೆಗ್ರಾಫಿಗೆ ಸುಮಾರು 850. ಅಲ್ಲಿಂದ ವಾಲ್ವಾರ್ ಊರಿಗೆ ಸ್ವಲ್ಪ ಇಳಿದು ಮತ್ತೆ ಗಾಲಿಬಿಯೆಗೆ ಹತ್ತಿದರೆ ಸುಮಾರು 1,240. ಕೊನೆಯದಾಗಿ ಆಲ್ಪ್ ದ್ಯುಯೆಜ್: 13.8 ಕಿ.ಮೀ., ಸರಾಸರಿ ಶೇ. 8.1ರ ಏರು, ಅಂದರೆ ಸುಮಾರು 1,120 ಮೀ. ನಾಲ್ಕನ್ನೂ ಕೂಡಿದರೆ 4,400 ಮೀಟರ್ ಚಿಲ್ಲರೆ ಆಗುತ್ತದೆ. ಗ್ಲಾಂದೋನ್ ದಾರಿ ನಡುನಡುವೆ ಇಳಿದು ಮತ್ತೆ ಏರುವುದರಿಂದ ಅದಕ್ಕೆ ಇನ್ನೂ ನೂರಿನ್ನೂರು ಮೀಟರ್ ಸೇರಿಸಬಹುದು. ಉಳಿದದ್ದು ಕಣಿವೆ ದಾರಿಯ ಸಣ್ಣ ಉಬ್ಬುತಗ್ಗುಗಳಿಂದ ಬರಬೇಕು. 5,000 ಎಂಬುದು ಉದಾರವಾದ ಅಂಕಿ ಎಂದೇ ನನ್ನ ಅನಿಸಿಕೆ. ಮುಂದಿನ ಲೆಕ್ಕಗಳಿಗೆ ನಾನು 4,500 ಮೀಟರನ್ನು ಹಿಡಿದಿದ್ದೇನೆ. ತಯಾರಿಯ ಮಟ್ಟಿಗೆ ಈ ವ್ಯತ್ಯಾಸದಿಂದ ಆಗುವುದೇನೂ ಇಲ್ಲ. ಎರಡೂ ಅಂಕಿಗಳು ಸಾಕಷ್ಟು ಭಯಂಕರವಾಗಿಯೇ ಇವೆ.

ಸವಾರನ ತೂಕ 70 ಕಿಲೊ, ಸೈಕಲ್, ನೀರಿನ ಬಾಟಲಿ, ಬಟ್ಟೆಬರೆ ಸೇರಿ ಇನ್ನು 10 ಕಿಲೊ ಎಂದಿಟ್ಟುಕೊಳ್ಳೋಣ. 80 ಕಿಲೊ ಭಾರವನ್ನು 4,500 ಮೀಟರ್ ಎತ್ತರಕ್ಕೆ ಎತ್ತಲು ಗುರುತ್ವದ ವಿರುದ್ಧವೇ ಸುಮಾರು 3.5 ಮೆಗಾಜೂಲ್ ಕೆಲಸ ಬೇಕು. ಟೈರಿನ ಉಜ್ಜು, ಗಾಳಿಯ ತಡೆ, ಸರಪಳಿಯ ಸೋರಿಕೆ ಸೇರಿದರೆ ಒಟ್ಟು 4.4ರ ಆಸುಪಾಸು. ಮನುಷ್ಯನ ಸ್ನಾಯು ತಾನು ಸುಡುವ ಆಹಾರದಲ್ಲಿ ಶೇ. 20ರಿಂದ 24ರಷ್ಟನ್ನು ಮಾತ್ರ ಪೆಡಲಿಗೆ ದಾಟಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ದಿನದ ಖರ್ಚು ಸುಮಾರು 4,800 ಕಿಲೋಕ್ಯಾಲರಿ.

ಇನ್ನು ಕೊನೆಯ ಏರು. ಅದರ ಬುಡಕ್ಕೆ ಬರುವಷ್ಟರಲ್ಲಿ ಸವಾರ ಮೂರು ಮೆಗಾಜೂಲಿಗೂ ಮಿಕ್ಕಿ ಕೆಲಸ ಮಾಡಿ ಮುಗಿಸಿರುತ್ತಾನೆ. ನಮ್ಮ 70 ಕಿಲೊ ಸವಾರ ಆಲ್ಪ್ ದ್ಯುಯೆಜನ್ನು ಒಂದು ಗಂಟೆಯಲ್ಲಿ ಹತ್ತಬೇಕಾದರೆ ಸುಮಾರು 280 ವ್ಯಾಟ್ ತುಳಿಯಬೇಕು. 75 ನಿಮಿಷ ತೆಗೆದುಕೊಂಡರೆ 220 ವ್ಯಾಟ್ ಸಾಕು, ಒಂದೂವರೆ ಗಂಟೆಗೆ 180 ಸಾಕು. ಅವನ ಎಫ್‌ಟಿಪಿ 250 ವ್ಯಾಟ್ ಎನ್ನೋಣ. ಶ್ರದ್ಧೆಯಿಂದ ಅಭ್ಯಾಸ ಮಾಡುವ ಹವ್ಯಾಸಿಗೆ ಇದು ಒಳ್ಳೆಯ ಅಂಕಿ. ಬೆಳಗ್ಗೆ ಎದ್ದು ನೇರವಾಗಿ ಈ ಏರಿಗೆ ಬಂದಿದ್ದರೆ 67 ನಿಮಿಷದಲ್ಲಿ ಮೇಲಿರುತ್ತಿದ್ದ. ದಿನವೆಲ್ಲ ದುಡಿದ ಮೇಲೆ ಶಕ್ತಿಯ ಶೇ. 72 ಮಾತ್ರ ಉಳಿದಿದ್ದರೆ ಅದೇ ಏರು 90 ನಿಮಿಷ ನುಂಗುತ್ತದೆ. ಅಂದರೆ ಎಫ್‌ಟಿಪಿ ಒಂದು ವ್ಯಾಟ್ ಕೂಡ ಬದಲಾಗದೆ 23 ನಿಮಿಷದ ಅಂತರ. ಇದನ್ನೇ ತಿರುಗಿಸಿ ನೋಡಿ. ಚಳಿಗಾಲವೆಲ್ಲ ಬೆವರು ಸುರಿಸಿ ಎಫ್‌ಟಿಪಿಯನ್ನು ಶೇ. 5ರಷ್ಟು ಏರಿಸಿಕೊಂಡವನಿಗೆ ತಾಜಾ ಕಾಲಿನಲ್ಲಿ ಇದೇ ಏರಿನ ಮೇಲೆ ಸಿಗುವ ಉಳಿತಾಯ ಮೂರು ನಿಮಿಷ ಚಿಲ್ಲರೆ.

ಎಫ್‌ಟಿಪಿಗೆ ಇಷ್ಟು ಮರ್ಯಾದೆ ಬಂದದ್ದು ಹೇಗೆ ಎಂಬುದಕ್ಕೆ ಒಂದು ಸಣ್ಣ ಚರಿತ್ರೆಯಿದೆ. ಜರ್ಮನಿಯ ಉಲ್ರಿಶ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಹೆಸರಿನ ಪವರ್ ಮೀಟರ್ ರೂಪಿಸುವವರೆಗೆ, ರಸ್ತೆಯ ಮೇಲೆ ಸವಾರನ ಕಾಲು ಹೊರಡಿಸುವ ಶಕ್ತಿಯನ್ನು ಅಳೆಯುವ ದಾರಿಯೇ ಇರಲಿಲ್ಲ ಎನ್ನಬಹುದು. ಅಮೆರಿಕದ ಹಂಟರ್ ಅಲೆನ್ ಮತ್ತು ಆಂಡ್ರ್ಯೂ ಕಾಗನ್ ಅವರ ಪುಸ್ತಕ 2006ರಲ್ಲಿ ಬಂದ ಮೇಲೆ ಎಫ್‌ಟಿಪಿ ಹವ್ಯಾಸಿಗಳ ಮನೆಮಾತಾಯಿತು. ಇಪ್ಪತ್ತು ನಿಮಿಷ ಪ್ರಾಣ ಹೋಗುವಂತೆ ತುಳಿದು, ಬಂದ ಸರಾಸರಿಯಲ್ಲಿ ಶೇ. 5 ಕಳೆದರೆ ಆಯಿತು. ಅಂಕಿ ಕೈಗೆ ಸಿಗುತ್ತದೆ, ಗೆಳೆಯರೊಡನೆ ಹೋಲಿಸಿಕೊಳ್ಳಬಹುದು. ಸುಲಭವಾಗಿ ಅಳೆಯಬಹುದಾದದ್ದೇ ಮುಖ್ಯವಾದದ್ದೂ ಹೌದು ಎಂಬ ಭ್ರಮೆ ಹುಟ್ಟಲು ಇಷ್ಟು ಸಾಕು. ಈ ಪರೀಕ್ಷೆಯನ್ನು ಎಲ್ಲರೂ ಮಾಡುವುದು ವಿಶ್ರಾಂತಿ ಪಡೆದ ಕಾಲಿನಲ್ಲಿ.

ಸಂಶೋಧಕರ ಗಮನ ಈ ಕೊರತೆಯ ಕಡೆ ತಿರುಗಿದ್ದು ಈಚೆಗೆ. ಎಡ್ ಮಾಂಡರ್ ಮತ್ತು ಸಂಗಡಿಗರು 2021ರಲ್ಲಿ ‘ಸ್ಪೋರ್ಟ್ಸ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದ ಲೇಖನ, ದೀರ್ಘ ದುಡಿಮೆಯಲ್ಲಿ ದೇಹದ ಗುಣಲಕ್ಷಣಗಳು ಎಷ್ಟರಮಟ್ಟಿಗೆ ಕುಸಿಯುತ್ತವೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯಬೇಕೆಂದು ವಾದಿಸಿತು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಅದರಲ್ಲಿ ಎಷ್ಟು ಪಾಲನ್ನು ಬಹಳ ಹೊತ್ತು ಬಳಸಬಲ್ಲ ಎಂಬುದು, ದುಡಿಮೆಯ ಮಿತವ್ಯಯ ಇವು ಮೂರು ಶಾಸ್ತ್ರದ ಹಳೆಯ ಕಂಬಗಳು. ಇಂಗ್ಲೆಂಡಿನ ಆಂಡ್ರ್ಯೂ ಜೋನ್ಸ್ ಈ ಹೊಸ ಗುಣವನ್ನು ನಾಲ್ಕನೆಯ ಕಂಬವಾಗಿ ಪರಿಗಣಿಸಬೇಕು ಎಂದರು. ತಾಜಾ ಪರೀಕ್ಷೆಯಲ್ಲಿ ಸರಿಸಮ ನಿಂತ ಇಬ್ಬರು ಸವಾರರು ಮೂರು ಗಂಟೆಯ ನಂತರ ಸಮವಾಗಿರುವುದಿಲ್ಲ. ಸ್ಪರ್ಧೆಗಳಲ್ಲಿ ಓಡಿಸಿದವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಪ್ರಯೋಗಾಲಯ ತಡವಾಗಿ ಬಂದು ಸೇರಿಕೊಂಡಿತು.

ತಾಳಿಕೆ ಕುಸಿಯುವುದೇಕೆ? ಎಲ್ಲ ಕಾರಣಗಳೂ ಬಿಡಿಸಿಟ್ಟಂತಿಲ್ಲ, ಆದರೆ ದೊಡ್ಡ ಕಾರಣವೊಂದು ಅರ್ಧ ಶತಮಾನಕ್ಕೂ ಹಿಂದೆಯೇ ಸಿಕ್ಕಿತ್ತು. ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಸಂಗಡಿಗರು 1967ರಲ್ಲಿ ಸೂಜಿಯಿಂದ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ, ದುಡಿಮೆ ಎಷ್ಟು ಹೊತ್ತು ಸಾಗಬಲ್ಲದೆಂಬುದು ಸ್ನಾಯುವಿನಲ್ಲಿ ಶೇಖರವಾದ ಗ್ಲೈಕೋಜನ್ನಿಗೆ ಅನುಗುಣವಾಗಿರುತ್ತದೆ ಎಂದು ತೋರಿಸಿದರು. ಸ್ನಾಯು ಮತ್ತು ಯಕೃತ್ತು ಸೇರಿ ಸುಮಾರು 500 ಗ್ರಾಂ ಹಿಡಿಯುತ್ತವೆ, ಎಂದರೆ ಸುಮಾರು 2,000 ಕಿಲೋಕ್ಯಾಲರಿ. ಕೊಬ್ಬಿನ ದಾಸ್ತಾನಿಗೆ ಕೊರತೆಯಿಲ್ಲ, ಆದರೆ ಅದನ್ನು ಸುಡುವ ವೇಗಕ್ಕೆ ಮಿತಿಯಿದೆ. ಅಭ್ಯಾಸವುಳ್ಳವರಲ್ಲೂ ಅದು ನಿಮಿಷಕ್ಕೆ ಅರ್ಧ ಗ್ರಾಂ ಆಸುಪಾಸು, ಗಂಟೆಗೆ 270 ಕಿಲೋಕ್ಯಾಲರಿ. ಒಂಬತ್ತು ಗಂಟೆಯ ಸ್ಪರ್ಧೆಯಲ್ಲಿ ಕೊಬ್ಬಿನಿಂದ 2,400ರಷ್ಟು ಬಂತು ಎನ್ನೋಣ. ಬೇಕಾದದ್ದು 4,800. ದಾಸ್ತಾನನ್ನು ಪೂರ್ತಿ ಬರಿದು ಮಾಡಿದರೂ ಲೆಕ್ಕ ಸರಿಹೊಂದುವುದಿಲ್ಲ. ಸಾಲದ್ದಕ್ಕೆ ಏರುಗಳಲ್ಲಿ ಜೋರಾಗಿ ತುಳಿದಾಗ ಕೊಬ್ಬಿನ ಪಾಲು ಇಳಿದು ಗ್ಲೈಕೋಜನ್ ಹೆಚ್ಚು ಸುಡುತ್ತದೆ. ಬಾಯಿಗೆ ಹಾಕಿಕೊಂಡದ್ದೇ ಈ ಕೊರತೆ ತುಂಬಬೇಕು.

ಎಡ್ವರ್ಡ್ ಕಾಯ್ಲ್ ತಂಡದ 1986ರ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಪಳಗಿದ ಏಳು ಸವಾರರನ್ನು ಗರಿಷ್ಠ ಆಮ್ಲಜನಕ ಬಳಕೆಯ ಶೇ. 71ರ ಮಟ್ಟದಲ್ಲಿ ತುಳಿಯಲು ಬಿಟ್ಟರು. ಸಿಹಿಯ ರುಚಿ ಮಾತ್ರ ಇದ್ದ ನೀರು ಕುಡಿದಾಗ ಮೂರು ಗಂಟೆಗೆ ಕೈಬಿಟ್ಟರು, ಪಿಷ್ಟಸಕ್ಕರೆಗಳ ದ್ರಾವಣ ಕುಡಿದಾಗ ನಾಲ್ಕು ಗಂಟೆ ತಡೆದರು. ಗ್ಲೂಕೋಸ್ ಒಂದನ್ನೇ ಕೊಟ್ಟರೆ ದೇಹ ಗಂಟೆಗೆ 60 ಗ್ರಾಂಗಿಂತ ಹೆಚ್ಚು ಬಳಸಲಾರದು. ಅದರ ಜೊತೆ ಫ್ರಕ್ಟೋಸ್ ಕೊಟ್ಟರೆ ಅದು ಕರುಳಿನಲ್ಲಿ ಬೇರೆ ಬಾಗಿಲಿನಿಂದ ಒಳಹೋಗುವುದರಿಂದ 90 ಗ್ರಾಂವರೆಗೆ ಏರಿಸಬಹುದು ಎಂಬುದನ್ನು ಅಸ್ಕರ್ ಯೂಕೆಂಡ್ರೂಪ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗಗಳು ಸ್ಥಿರಪಡಿಸಿದವು. ಅಡುಗೆಮನೆಯ ಸಕ್ಕರೆ ಎಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಚಿಟಿಕೆ ಉಪ್ಪು ಹಾಕಿದ ಬೆಲ್ಲದ ಪಾನಕವೂ ಹೆಚ್ಚುಕಡಿಮೆ ಅದೇ. ಸಾವಿರಾರು ರೂಪಾಯಿಯ ಆಮದು ಜೆಲ್ ಪೊಟ್ಟಣಗಳ ಅನುಕೂಲ ಅವುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು ಎಂಬುದರಲ್ಲಿದೆ, ಒಳಗಿನ ಪದಾರ್ಥದಲ್ಲಿ ಅಲ್ಲ.

ಆದರೆ ಗಂಟೆಗೆ 80–90 ಗ್ರಾಂ ಸಕ್ಕರೆಯನ್ನು ಏರಿನ ಏದುಸಿರಿನ ನಡುವೆ ಒಂಬತ್ತು ಗಂಟೆ ಇಳಿಸುವುದು ಒಮ್ಮೆಲೇ ಬರುವ ವಿದ್ಯೆಯಲ್ಲ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಗ್ರೆಗ್ ಕಾಕ್ಸ್, ಲೂಯಿಸ್ ಬರ್ಕ್ ಮೊದಲಾದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 28 ದಿನ ಅಭ್ಯಾಸದ ಹೊತ್ತಿನಲ್ಲೇ ಹೆಚ್ಚು ಸಕ್ಕರೆ ಸೇವಿಸಿದ ಸವಾರರ ದೇಹ ಅದನ್ನು ಬಳಸುವುದರಲ್ಲಿ ಚುರುಕಾಯಿತು. ಕರುಳಿಗೂ ತಾಲೀಮು ಬೇಕು. ನಮ್ಮ ಹವ್ಯಾಸಿಗಳಲ್ಲಿ ಬಹಳ ಜನ ವಾರಾಂತ್ಯದ ಸವಾರಿಯಲ್ಲಿ ಒಂದು ಬಾಳೆಹಣ್ಣಿನ ಮೇಲೆ ನಾಲ್ಕು ಗಂಟೆ ಕಳೆದು, ಅದನ್ನೊಂದು ಸಾಧನೆ ಎಂದುಕೊಳ್ಳುತ್ತಾರೆ. ತೂಕ ಇಳಿಸುವುದೇ ಗುರಿಯಾದರೆ ಅಡ್ಡಿಯಿಲ್ಲ. ಸ್ಪರ್ಧೆಯ ತಯಾರಿಯಾಗಿ ಅದು ಉಪವಾಸದ ಅಭ್ಯಾಸ.

ಕೊಬ್ಬು ಸುಡುವ ಸಾಮರ್ಥ್ಯವನ್ನು ಏರಿಸುವುದು ತಿಂಗಳುಗಟ್ಟಲೆಯ ಕೆಲಸ. ಅಮೆರಿಕದ ಜಾನ್ ಹೊಲೋಸಿ 1967ರಲ್ಲಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ದೀರ್ಘ ಅಭ್ಯಾಸದಿಂದ ಸ್ನಾಯುಕೋಶದ ಮೈಟೊಕಾಂಡ್ರಿಯಗಳ ಕೆಲಸ ಹೆಚ್ಚುವುದನ್ನು ಕಂಡುಕೊಂಡರು. ಮಾತಾಡುತ್ತ ತುಳಿಯಬಹುದಾದ ವೇಗದ ಉದ್ದನೆಯ ಸವಾರಿಗಳ ಸಮರ್ಥನೆಗೆ ಮೂಲ ಇದು. ಕಿಲೋಮೀಟರ್ ಎಣಿಸುವ ಹಳೆಯ ರೂಢಿ ಸಾಲದಾದರೂ ಅದರಲ್ಲಿ ಅರ್ಧ ಸತ್ಯವಿರುವುದು ಈ ಕಾರಣಕ್ಕೆ. ಇನ್ನರ್ಧದ ಬಗ್ಗೆ ಜಗಳ ನಡೆದೇ ಇದೆ. ಸ್ಟೀಫನ್ ಸೈಲರ್ ಅವರ ಹೆಸರಿನೊಡನೆ ಸೇರಿಕೊಂಡಿರುವ ‘ಎಂಬತ್ತು ಪಾಲು ನಿಧಾನ, ಇಪ್ಪತ್ತು ಪಾಲು ಕಠಿಣ’ ಎಂಬ ಸೂತ್ರ ಈಗ ಪ್ರತಿಯೊಬ್ಬ ತರಬೇತುದಾರನ ಬಾಯಲ್ಲಿದೆ. ಸೂತ್ರ ಹುಟ್ಟಿದ್ದು ಅಂತರರಾಷ್ಟ್ರೀಯ ಮಟ್ಟದ ಸ್ಕೀಯಿಂಗ್, ರೋಯಿಂಗ್ ಪಟುಗಳು ತಮ್ಮ ಹೊತ್ತನ್ನು ಹೇಗೆ ಹಂಚುತ್ತಾರೆ ಎಂಬ ಅವಲೋಕನದಿಂದ. ವಾರಕ್ಕೆ ಇಪ್ಪತ್ತು ಗಂಟೆ ದುಡಿಯುವವರಿಗೆ ಎಂಬತ್ತು ಪಾಲು ನಿಧಾನವಾಗಿರದೆ ಗತಿಯಿಲ್ಲ, ಇಲ್ಲದಿದ್ದರೆ ದೇಹ ಮುರಿದು ಬೀಳುತ್ತದೆ. ವಾರಕ್ಕೆ ಎಂಟು ಗಂಟೆ ಸಿಗುವ ಬ್ಯಾಂಕ್ ನೌಕರನಿಗೆ ಅದೇ ಪಾಲು ಸರಿಯೇ?

ಸೈಕಲ್ ಸವಾರರ ಮೇಲೆ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೆಚ್ಚಾಗಿ ಉದಾಹರಿಸುತ್ತಾರೆ. ಕ್ರೇಗ್ ನೀಲ್ ಮತ್ತು ಸಂಗಡಿಗರು 2013ರಲ್ಲಿ 12 ಸವಾರರನ್ನು ಆರು ವಾರ ಈ ಎಂಬತ್ತು-ಇಪ್ಪತ್ತರ ಕ್ರಮದಲ್ಲಿ, ಇನ್ನಾರು ವಾರ ನಡುಮಟ್ಟದ ತೀವ್ರತೆಯ ಕ್ರಮದಲ್ಲಿ ಪಳಗಿಸಿ ನೋಡಿದರು. ಮೊದಲ ಕ್ರಮವೇ ಮೇಲಾಯಿತು. ಒಪ್ಪತಕ್ಕದ್ದೇ. ಆದರೆ ಹನ್ನೆರಡು ಜನ, ಆರು ವಾರ. ಅಳತೆ ನಡೆದದ್ದು ವಿಶ್ರಾಂತ ಕಾಲುಗಳ ಮೇಲೆ. ಒಂಬತ್ತು ಗಂಟೆಯ ಪರ್ವತ ಸ್ಪರ್ಧೆಯ ಸಿದ್ಧತೆಗೆ ಇದನ್ನು ಆಧಾರ ಮಾಡಿಕೊಳ್ಳುವಾಗ ಇಷ್ಟನ್ನು ನೆನಪಿಡಬೇಕು. ನನ್ನ ದೃಷ್ಟಿಯಲ್ಲಿ ಎಂಟು ಗಂಟೆಯವನು ಪಾಲುಗಳ ಚಿಂತೆ ಬಿಟ್ಟು ಮೂರು ಕೆಲಸ ಕಾಪಾಡಿಕೊಂಡರೆ ಸಾಕು: ವಾರಕ್ಕೊಂದು ನಿಜವಾಗಿ ಉದ್ದವಾದ ಸವಾರಿ, ವಾರಕ್ಕೊಂದು ನಿಜವಾಗಿ ಕಠಿಣವಾದ ದಿನ, ಇವೆರಡರ ನಡುವೆ ನಿಜವಾದ ವಿಶ್ರಾಂತಿ. ಉಳಿದ ಹೊತ್ತು ಹೇಗೆ ಕಳೆದರೂ ದೊಡ್ಡ ನಷ್ಟವಿಲ್ಲ.

ಭಾರ ಎತ್ತುವ ವ್ಯಾಯಾಮ ತಾಳಿಕೆಗೆ ನೇರವಾಗಿ ಸಂಬಂಧಿಸಿದ್ದು. ಆದರೂ ಸವಾರರು ಸದಾ ತಳ್ಳಿಹಾಕುವ ವಿಷಯ. ನಾರ್ವೆಯ ಬೆಂಟ್ ರೋನ್ನೆಸ್ಟಾಡ್ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದ ವಿನ್ಯಾಸ ನನಗೆ ಬಹಳ ಹಿಡಿಸಿತು. ಹನ್ನೆರಡು ವಾರ ಸೈಕಲ್ ಅಭ್ಯಾಸದ ಜೊತೆಗೆ ಕಾಲುಗಳಿಗೆ ಭಾರದ ವ್ಯಾಯಾಮ ಮಾಡಿಸಿ, ಆಮೇಲೆ ಸವಾರರನ್ನು 185 ನಿಮಿಷ ಹದವಾಗಿ ತುಳಿಯಲು ಬಿಟ್ಟು, ಕೊನೆಗೆ ಐದು ನಿಮಿಷ ಸರ್ವಶಕ್ತಿಯಿಂದ ತುಳಿಯಿರಿ ಎಂದರು. ಭಾರ ಎತ್ತಿದವರು ಆ ಐದು ನಿಮಿಷದಲ್ಲಿ ಮೊದಲಿಗಿಂತ ಶೇ. 7ರಷ್ಟು ಹೆಚ್ಚು ಶಕ್ತಿ ತೋರಿದರು, ಬರೀ ಸೈಕಲ್ ತುಳಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ದಣಿದ ಮೇಲೆ ಅಳೆದದ್ದು ಈ ಪ್ರಯೋಗದ ಹೆಚ್ಚುಗಾರಿಕೆ. ಐದು ನಿಮಿಷ ಬೇರೆ, ತೊಂಬತ್ತು ನಿಮಿಷದ ಏರು ಬೇರೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ವಾರಕ್ಕೆರಡು ಸಲ ಅರ್ಧ ಗಂಟೆ ಸ್ಕ್ವಾಟ್ ಮಾಡಲು ಇಷ್ಟು ಪುರಾವೆ ಸಾಕು.

ಬೆಂಗಳೂರಿನಿಂದ ಇಂಥ ಸ್ಪರ್ಧೆಗೆ ಹೊರಡುವವರ ಸ್ಥಿತಿಯನ್ನು ಈಗ ಪರಿಶೀಲಿಸಬಹುದು. ಅವರ ಪಾಲಿಗೆ ಬೆಟ್ಟವೆಂದರೆ ನಂದಿ. ತಪ್ಪಲಿನಿಂದ ಸುಮಾರು ಏಳೂವರೆ ಕಿ.ಮೀ. ದಾರಿ, ಸುಮಾರು 450 ಮೀಟರ್ ಏರು, ನೆತ್ತಿ 1,478 ಮೀಟರ್. ನಮ್ಮ ಮಾದರಿ ಸವಾರ 200 ವ್ಯಾಟಿನಲ್ಲಿ ತುಳಿದರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಮುಗಿಯಿತು. ಅದೇ ಶಕ್ತಿಯಲ್ಲಿ ತೆಲೆಗ್ರಾಫ್ ಮತ್ತು ಗಾಲಿಬಿಯೆ ಜೋಡಿಯನ್ನು ಹತ್ತಲು ಎರಡೂವರೆ ಗಂಟೆ ಬೇಕು. ನಡುವೆ ವಾಲ್ವಾರ್‌ಗೆ ಇಳಿಯುವ ಕೆಲವು ನಿಮಿಷ ಬಿಟ್ಟರೆ ಬಿಡುವಿಲ್ಲ. ನಂದಿಯನ್ನು ಹತ್ತು ಸಲ ಹತ್ತಿದರೆ ಮಾರ್ಮೊತ್‌ನ ಒಟ್ಟು ಏರು ಬಂದೇಬಿಡುತ್ತದೆ, ನಿಜ. ಆದರೆ ಪ್ರತಿ ಅರ್ಧ ಗಂಟೆಗೊಮ್ಮೆ ಹದಿನೈದು ನಿಮಿಷ ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿ ಸಿಗುವ ಹತ್ತು ಏರುಗಳೂ ನಾಲ್ಕು ಮಹಾ ಏರುಗಳೂ ಒಂದೇ ಅಲ್ಲ. ಚಿಕ್ಕಮಗಳೂರಿನ ಕಡೆ ಹೋದರೆ ಪರಿಸ್ಥಿತಿ ಸುಧಾರಿಸುತ್ತದೆ. ಸುಮಾರು 1,090 ಮೀಟರ್ ಎತ್ತರದ ಪೇಟೆಯಿಂದ ಮುಳ್ಳಯ್ಯನಗಿರಿಯ ಕಡೆಗೆ ಹತ್ತುವ ದಾರಿ ತೆಲೆಗ್ರಾಫಿನ ಏರಿಗೆ ಸಮೀಪ ಬರುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಗ್ಲಾಂದೋನ್ ಘಟ್ಟಕ್ಕಿಂತ ಆರು ಮೀಟರ್ ಮಾತ್ರ ಹೆಚ್ಚು. ನೀಲಗಿರಿಯಲ್ಲಿ ಮಸಿನಗುಡಿಯಿಂದ ಊಟಿಗೆ 36 ತಿರುವುಗಳ ಕಲ್ಲಟ್ಟಿ ಘಟ್ಟವಿದೆ. ಟೂರ್ ಆಫ್ ನೀಲಗಿರೀಸ್ ಸವಾರಿ 2008ರಲ್ಲಿ ಶುರುವಾದ ಮೇಲೆ ಕನ್ನಡ ನಾಡಿನ ಸವಾರರಿಗೆ ಇದು ಚೆನ್ನಾಗಿ ಪರಿಚಿತ. ಕಡಿದಾದ ಏರಿನಲ್ಲಿ ಆಲ್ಪ್ ದ್ಯುಯೆಜ್‌ಗೆ ಹತ್ತಿರದ ಅನುಭವ ನಮ್ಮ ಸುತ್ತಮುತ್ತ ಬೇಕಿದ್ದರೆ ಅಲ್ಲಿಗೇ ಹೋಗಬೇಕು.

ಬೆಟ್ಟದ ಅಳತೆಗಿಂತ ನನ್ನನ್ನು ಹೆಚ್ಚು ಕಾಡುವುದು ಅಭ್ಯಾಸದ ಅನುಕ್ರಮ. ಬೆಂಗಳೂರಿನ ರೂಢಿಯಂತೆ ಸವಾರರು ನಸುಕಿನಲ್ಲೇ ಹೊರಟು, ಬಳ್ಳಾರಿ ರಸ್ತೆ ಹಿಡಿದು ನಂದಿಗೆ ಹೋಗಿ, ತಾಜಾ ಕಾಲಿನಲ್ಲಿ ಬೆಟ್ಟ ಹತ್ತಿ, ಹೊತ್ತನ್ನು ಗಡಿಯಾರದಲ್ಲಿ ನೋಡಿ ಬೀಗಿ, ಕೆಳಗಿಳಿದು ಇಡ್ಲಿ ತಿಂದು, ಬಿಸಿಲೇರುವ ಮೊದಲು ಮನೆ ಸೇರುತ್ತಾರೆ. ಇದರಲ್ಲಿ ಕಠಿಣವಾದ ಭಾಗ ಮೊದಲು, ಸುಲಭವಾದ ಭಾಗ ಕೊನೆಗೆ. ಮಾರ್ಮೊತ್ ಇದಕ್ಕೆ ತದ್ವಿರುದ್ಧ. ಅಲ್ಲಿಗೆ ಸಿದ್ಧವಾಗುವವರು ತಿಂಗಳಿಗೆ ಎರಡು ಸಲವಾದರೂ ಅನುಕ್ರಮ ತಿರುಗಿಸಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ನಾಲ್ಕೈದು ಗಂಟೆ ಹದವಾಗಿ ಓಡಿಸಿ, ಗಂಟೆಗಂಟೆಗೂ ತಿನ್ನುತ್ತ ಕುಡಿಯುತ್ತ ಬಂದು, ಕಟ್ಟಕಡೆಗೆ ನಂದಿಗೆ ತಿರುಗಬೇಕು. ಬಿಸಿಲಿರುತ್ತದೆ, ವಾಹನಗಳ ದಟ್ಟಣೆ ಇರುತ್ತದೆ, ಗೆಳೆಯರು ಆಗಲೇ ಮನೆ ಸೇರಿರುತ್ತಾರೆ. ಗಡಿಯಾರ ತೋರಿಸುವ ಹೊತ್ತು ಹೇಳಿಕೊಳ್ಳುವಂತಿರುವುದಿಲ್ಲ. ಆದರೆ ಅದೇ ನಿಜವಾದ ಅಂಕಿ. ದಣಿದ ಮೇಲೆ ಕಠಿಣವಾಗಿ ತುಳಿಯುವ ಅಭ್ಯಾಸವೇ ತಾಳಿಕೆ ಬೆಳೆಸಲು ಅತ್ಯುತ್ತಮ ಎಂಬುದಕ್ಕೆ ದೀರ್ಘಾವಧಿಯ ಪ್ರಯೋಗಗಳ ಬೆಂಬಲ ಇನ್ನೂ ತೆಳುವಾಗಿದೆ. ಆದರೂ ತಿನ್ನುವ ಕ್ರಮ, ವೇಗದ ಹದ, ಮನಸ್ಸಿನ ಸ್ಥಿತಿ ಮೂರೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುವುದು ಇಂಥ ಸವಾರಿಯಲ್ಲಿ ಮಾತ್ರ.

ನಮ್ಮ ಬೇಸಿಗೆ ಒಂದು ಅನುಕೂಲವೂ ಹೌದು. ಅಮೆರಿಕದ ಸಾಂಟಿಯಾಗೊ ಲೊರೆಂಜೊ ತಂಡ 2010ರಲ್ಲಿ 12 ಸವಾರರಿಗೆ ಹತ್ತು ದಿನ ಸೆಕೆಯಲ್ಲಿ ಅಭ್ಯಾಸ ಮಾಡಿಸಿದಾಗ, ತಂಪು ಹವೆಯಲ್ಲಿ ಕೂಡ ಅವರ ಸಾಧನೆ ಶೇ. 6ರಷ್ಟು ಸುಧಾರಿಸಿತು. ರಕ್ತದ ದ್ರವಭಾಗ ಹೆಚ್ಚಿದ್ದು ಒಂದು ಕಾರಣವಿರಬಹುದು ಎಂದರು. ತಂಪು ಹವೆಯ ಲಾಭವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ಜುಲೈ ಮಧ್ಯಾಹ್ನ ಆಲ್ಪ್ ದ್ಯುಯೆಜ್‌ನ ಕೆಳಗಿನ ತಿರುವುಗಳು ಬಿಸಿಲಿಗೆ ಮೈಯೊಡ್ಡಿ ಕಾಯುತ್ತಿರುತ್ತವೆ, ನಾರ್ವೆಯವನಿಗಿಂತ ರಾಯಚೂರಿನವನು ಅಲ್ಲಿ ಹೆಚ್ಚು ನೆಮ್ಮದಿಯಾಗಿರುತ್ತಾನೆ ಎಂಬುದರಲ್ಲಿ ತಕರಾರಿಲ್ಲ. ಎತ್ತರದ ವಿಚಾರ ಬೇರೆ. ಗಾಲಿಬಿಯೆ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 28ರಷ್ಟು ಕಡಿಮೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಶೇ. 10ರಷ್ಟು ಕಡಿಮೆಯೇ ಇದೆ, ಆದರೂ ಅದು ಸಾಲದು. ಕೊನೆಯ ಐದಾರು ಕಿಲೋಮೀಟರಿನಲ್ಲಿ ವ್ಯಾಟ್ ಅಂಕಿ ತಾನಾಗಿ ಇಳಿಯುತ್ತದೆ, ಅದನ್ನು ಹಟ ಹಿಡಿದು ಮೇಲಕ್ಕೆಳೆಯಬಾರದು. ನೆತ್ತಿ ದಾಟಿದ ಮೇಲಿನ ಉದ್ದನೆಯ ಇಳಿತವೂ ಒಂದು ಕಲಿಕೆ: ಬೆವರಿದ ಮೈಗೆ ಚಳಿಗಾಳಿ, ಕತ್ತಲೆಯ ಸುರಂಗಗಳು. ತೆಳು ಜಾಕೆಟ್ಟು, ಸಣ್ಣ ದೀಪ ಇಲ್ಲದೆ ಹೋಗುವುದು ಮೂರ್ಖತನ.

ಸೈಕಲ್ಲಿನ ಬಗ್ಗೆ ಎರಡೇ ಮಾತು. ಒಂದೂವರೆ ಗಂಟೆಯಲ್ಲಿ ಆಲ್ಪ್ ದ್ಯುಯೆಜ್ ಹತ್ತುವವನ ವೇಗ ಗಂಟೆಗೆ ಒಂಬತ್ತು ಕಿ.ಮೀ. ಚಿಲ್ಲರೆ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ಆ ವೇಗಕ್ಕೆ ನಿಮಿಷಕ್ಕೆ ಅರವತ್ತೇ ಸುತ್ತು. ಮಂಡಿ ನೋಯುತ್ತದೆ, ತೊಡೆ ಸೆಟೆದುಕೊಳ್ಳುತ್ತದೆ. ಹಿಂದೆ 34 ಹಲ್ಲಿನ ಚಕ್ರ ಹಾಕಿಸಿದರೆ ಅದೇ ವೇಗದಲ್ಲಿ ಎಪ್ಪತ್ತು ದಾಟುತ್ತದೆ. ಲಕ್ಷ ರೂಪಾಯಿ ಕೊಟ್ಟು ಒಂದು ಕಿಲೊ ಹಗುರವಾದ ಸೈಕಲ್ ಕೊಂಡರೆ ಅದೇ ಏರಿನಲ್ಲಿ ಉಳಿಯುವುದು ಒಂದು ನಿಮಿಷದ ಆಸುಪಾಸು.

ವೇಗದ ಹದದ ವಿಚಾರದಲ್ಲಿ ಸ್ಪರ್ಧೆಯ ನಿಯಮವೇ ಒಂದು ಬಲೆ ಹೂಡಿದೆ. ಗ್ಲಾಂದೋನ್ ಇಳಿಜಾರು ಅಪಾಯಕಾರಿಯಾದ್ದರಿಂದ ಆ ಭಾಗದ ಹೊತ್ತನ್ನು ಹಲವು ವರ್ಷಗಳಿಂದ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಹೇಗೂ ಮುಂದೆ ಪುಕ್ಕಟೆ ವಿಶ್ರಾಂತಿ ಇದೆ ಎಂದು ಮೊದಲ ಏರಿನಲ್ಲೇ ಜೋರು ಮಾಡಲು ಮನಸ್ಸು ಎಳೆಯುತ್ತದೆ. ಅಲ್ಲಿ ಸುಟ್ಟ ಗ್ಲೈಕೋಜನ್ ವಿಶ್ರಾಂತಿಯಿಂದ ಮರಳಿ ಬರುವುದಿಲ್ಲ. ಆ ಬಿಡುವನ್ನು ತಿನ್ನಲು ಬಳಸಿಕೊಂಡು, ಕೆಳಗೆ ಮೋರಿಯೆನ್ ಕಣಿವೆಯ ಸಮತಟ್ಟಿನಲ್ಲಿ ಗುಂಪೊಂದನ್ನು ಸೇರಿ ಬೇರೆಯವರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವವನು ಜಾಣ. ಸದಾ ಒಂಟಿಯಾಗಿ ಅಭ್ಯಾಸ ಮಾಡಿದವರಿಗೆ ಇದು ಸುಲಭವಲ್ಲ. ಮುಂದಿನ ಚಕ್ರಕ್ಕೆ ಎರಡಡಿ ಅಂತರದಲ್ಲಿ ಓಡಿಸುವುದನ್ನೂ ಊರಿನಲ್ಲೇ ಕಲಿತಿರಬೇಕು.

ಕೊನೆಯ ಎರಡು ವಾರದ ಬಗ್ಗೆ ವಿವಾದ ಕಡಿಮೆ. ಲೊರಾಂ ಬೊಸ್ಕೆ ಮತ್ತು ಸಂಗಡಿಗರು 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ತೀವ್ರತೆಯನ್ನೂ ವಾರಕ್ಕೆ ಎಷ್ಟು ದಿನ ಎಂಬುದನ್ನೂ ಹಾಗೇ ಉಳಿಸಿಕೊಂಡು, ಅಭ್ಯಾಸದ ಒಟ್ಟು ಹೊತ್ತನ್ನು ಮಾತ್ರ ಶೇ. 41ರಿಂದ 60ರಷ್ಟು ಇಳಿಸುವುದು ಅತ್ಯುತ್ತಮ ಎಂದು ಕಂಡುಕೊಂಡರು. ಕೊನೆಯ ವಾರ ಧೈರ್ಯಕ್ಕೆಂದು ಇನ್ನೊಂದು ದೊಡ್ಡ ಸವಾರಿ ಮಾಡುವ ಚಟ ಹವ್ಯಾಸಿಗಳದ್ದು. ಅದರಿಂದ ಲಾಭವಿಲ್ಲ.

ಈ ಟಿಪ್ಪಣಿಯಲ್ಲಿ ಉದಾಹರಿಸಿದ ಪ್ರಯೋಗಗಳೆಲ್ಲ ನಡೆದದ್ದು ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ, ಬಹುಪಾಲು ಎಳೆಯ ಗಂಡಸರ ಮೇಲೆ. ನಲವತ್ತು ದಾಟಿದ, ನಮ್ಮ ಊಟ ಉಣ್ಣುವ, ನಮ್ಮ ಬಿಸಿಲಿನಲ್ಲಿ ಓಡಿಸುವ ಗಂಡಸರು ಹೆಂಗಸರ ತಾಳಿಕೆ ಎಷ್ಟು ಎಂಬುದನ್ನು ತಿಳಿಯಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಓದುಗರಲ್ಲಿ ಸವಾರರಿದ್ದರೆ ಒಂದು ವಿನಂತಿ: ನಿಮ್ಮ ಊರಿನ ಒಂದೇ ಏರನ್ನು ಒಂದು ವಾರ ತಾಜಾ ಕಾಲಿನಲ್ಲಿ, ಮುಂದಿನ ವಾರ ನಾಲ್ಕು ಗಂಟೆಯ ಸವಾರಿಯ ಕೊನೆಗೆ ಹತ್ತಿ. ಎರಡೂ ಹೊತ್ತನ್ನು, ನಡುವೆ ತಿಂದದ್ದು ಕುಡಿದದ್ದನ್ನು, ಅಂದಿನ ಬಿಸಿಲನ್ನು ಬರೆದಿಡಿ. ಪವರ್ ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಕೈಗಡಿಯಾರ ಸಾಕು. ಆರು ತಿಂಗಳ ಅಭ್ಯಾಸದ ನಂತರ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ, ಅಂಕಿಗಳನ್ನು ನಿಮ್ಮ ಸೈಕಲ್ ಬಳಗದವರ ಮುಂದಿಡಿ.